ಊರಿಗೆ ಕೊಟ್ಟರೆ ನೆರೆಯವನ ಸಾಲ ತೀರುವುದೇ?

2025ರ ಜೂನ್ 1, ಭಾನುವಾರ. ಬೆಳಗಿನ ಮೊದಲ ಬಲಿಪೂಜೆಗೆ ಬಂದಿದ್ದ ನಮ್ಮ ಧರ್ಮಕೇಂದ್ರದ ನಾಲ್ಕೈದು ಹುಡುಗರ ಕಣ್ಣುಗಳು ಕೆಂಪಾಗಿದ್ದವು. ನಾನು ಪ್ರಬೋಧನೆ ನೀಡುತ್ತಿದ್ದಾಗ ಇಬ್ಬರು ತೂಕಡಿಸಿದ್ದೂ ಕಾಣಿಸಿತು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹಿಡಿದು ಕೇಳಿದೆ. ರಾತ್ರಿಯೆಲ್ಲಾ ಟಿ.ವಿ.ಯಲ್ಲಿ ಫುಟ್‌ಬಾಲ್ ನೋಡಿದ್ದರಂತೆ. ಯೂರೋಪಿನ ಕ್ಲಬ್ಬುಗಳ ಅತಿ ದೊಡ್ಡ ಪಂದ್ಯಾವಳಿಯ ಅಂತಿಮ ಪಂದ್ಯ. ಮ್ಯೂನಿಕ್ ನಗರದಲ್ಲಿ ಪ್ಯಾರಿಸ್ ತಂಡವು ಇಂಟರ್ ಮಿಲಾನನ್ನು ಐದು ಗೋಲುಗಳಿಂದ ಸೋಲಿಸಿತ್ತು.

"ಇದಕ್ಕೆ ಮೊದಲು ಈ ಕಪ್ ಗೆದ್ದ ಫ್ರೆಂಚ್ ತಂಡ ಒಂದೇ ಫಾದರ್, ಮಾರ್ಸೇಲ್. 1993ರಲ್ಲಿ, ಅದೂ ಮ್ಯೂನಿಕ್‌ನಲ್ಲೇ. ಆದರೆ ಅದರ ಮಾಲೀಕ ಆಮೇಲೆ ಜೈಲಿಗೆ ಹೋದ" ಎಂದ ಒಬ್ಬ.

"ಹೋದರೇನು? ಅವನು ಸತ್ತಾಗ ಊರಿಗೆ ಊರೇ ಅತ್ತಿತು. ಪ್ರಧಾನಾಲಯದಲ್ಲೇ ಪೂಜೆ ಮಾಡಿದರು, ಬಿಷಪ್ಪರೇ ಬಂದಿದ್ದರು" ಎಂದ ಇನ್ನೊಬ್ಬ. ಬಳಿಕ ನನ್ನತ್ತ ತಿರುಗಿ, "ಅಂಥವನನ್ನು ಒಳ್ಳೆಯವನು ಅನ್ನಬೇಕೋ, ಕೆಟ್ಟವನು ಅನ್ನಬೇಕೋ, ನೀವೇ ಹೇಳಿ ಫಾದರ್" ಎಂದು ಕೇಳಿದ.

ಎರಡನೆಯ ಪೂಜೆಗೆ ಹೊತ್ತಾಗುತ್ತಿತ್ತು. "ಒಳ್ಳೆಯದನ್ನೂ ಕೆಟ್ಟದ್ದನ್ನೂ ದೇವರು ತಕ್ಕಡಿಯಲ್ಲಿ ತೂಗಿ ನೋಡುತ್ತಾನಪ್ಪ, ಯಾವುದು ಹೆಚ್ಚೋ ಅದು" ಎಂದು ಹೇಳಿ ಒಳಗೆ ನಡೆದೆ. ಹುಡುಗರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಬಲಿಪೀಠದ ಮುಂದೆ ನಿಂತಾಗಲೇ, ಅವಸರದಲ್ಲಿ ತಪ್ಪು ಉತ್ತರ ಕೊಟ್ಟೆನೆಂಬ ಕಸಿವಿಸಿ ಶುರುವಾಯಿತು. ಆ ತಪ್ಪನ್ನು ತಿದ್ದಿಕೊಳ್ಳಲೆಂದೇ ಈ ಲೇಖನ. ಆ ಹುಡುಗರ ಪ್ರಶ್ನೆ ಬರಿಯ ಫುಟ್‌ಬಾಲಿಗೆ ಸೇರಿದ್ದಲ್ಲ, ನಿಮ್ಮ ನಮ್ಮ ಮನೆಗಳಿಗೂ ಸೇರಿದ್ದು. ಆದ್ದರಿಂದ ದಯವಿಟ್ಟು ಕೊನೆಯವರೆಗೂ ಓದಿ.

ಮೊದಲು ಆ ಮನುಷ್ಯನ ಕಥೆ. ಹೆಸರು ಬರ್ನಾರ್ಡ್ ತಾಪಿ. ಹುಟ್ಟಿದ್ದು 1943ರ ಜನವರಿ 26ರಂದು, ಪ್ಯಾರಿಸ್‌ನಲ್ಲಿ. ಬೆಳೆದದ್ದು ನಗರದ ಹೊರವಲಯದ ಕಾರ್ಮಿಕರ ಕೇರಿಯಲ್ಲಿ. ತಂದೆ ಕೂಲಿ ಕೆಲಸದವರು. ತರುಣನಾಗಿದ್ದಾಗ ಹಾಡುಗಾರನಾಗಲು ಹೊರಟ, ಟೆಲಿವಿಷನ್ ಪೆಟ್ಟಿಗೆಗಳನ್ನು ಮಾರಿದ. ಕೊನೆಗೆ ಕೈಹತ್ತಿದ್ದು ಬೇರೆಯೇ ವ್ಯಾಪಾರ. ಮುಳುಗುತ್ತಿದ್ದ ಕಂಪನಿಗಳನ್ನು, ಕೆಲವೊಮ್ಮೆ ಹೆಸರಿಗಷ್ಟೇ ಒಂದು ಫ್ರಾಂಕ್ ಕೊಟ್ಟು ಕೊಳ್ಳುವುದು, ದುರಸ್ತಿ ಮಾಡುವುದು, ಲಾಭಕ್ಕೆ ಮಾರುವುದು. ಬ್ಯಾಟರಿ ತಯಾರಿಸುವ ವಂಡರ್, ತಕ್ಕಡಿ ತಯಾರಿಸುವ ತೆರಾಯೋನ್, ಸೈಕಲ್ ಪೆಡಲ್ ತಯಾರಿಸುವ ಲುಕ್, ಹೀಗೆ ಒಂದಾದ ಮೇಲೊಂದು ಆತನ ಕೈಗೆ ಬಂದವು. ಆತ ಕಟ್ಟಿದ ಸೈಕಲ್ ತಂಡದಲ್ಲಿದ್ದ ಬರ್ನಾರ್ಡ್ ಇನೋ 1985ರಲ್ಲಿ, ಗ್ರೆಗ್ ಲೆಮಾಂಡ್ 1986ರಲ್ಲಿ 'ಟೂರ್ ದ ಫ್ರಾನ್ಸ್' ಗೆದ್ದರು. ಟಿ.ವಿ.ಯಲ್ಲಿ ಕಾರ್ಯಕ್ರಮ, ನಾಲ್ಕು ಕೂವೆಮರದ ದೊಡ್ಡ ವಿಹಾರನೌಕೆ, ಮಾತಿನ ಚಟಾಕಿ, ಎದೆಯುಬ್ಬಿಸಿದ ನಡಿಗೆ. ಏನೂ ಇಲ್ಲದವನು ಎಲ್ಲವನ್ನೂ ಪಡೆಯಬಹುದು ಎಂಬುದಕ್ಕೆ ಆ ಕಾಲದ ಫ್ರಾನ್ಸಿನಲ್ಲಿ ಆತನೇ ಜೀವಂತ ಜಾಹೀರಾತು. ಆದರೆ ಕೊಂಡ ಕಂಪನಿಗಳಲ್ಲಿ ಕೆಲವು ಕಾರ್ಖಾನೆಗಳು ಮುಚ್ಚಿದವು, ಕಾರ್ಮಿಕರು ಬೀದಿಗೆ ಬಿದ್ದರು ಎಂಬುದೂ ಅದೇ ಕಥೆಯ ಭಾಗ.

1986ರಲ್ಲಿ ಮಾರ್ಸೇಲ್ ನಗರದ ಮೇಯರ್ ಗ್ಯಾಸ್ತೋನ್ ದೆಫೇರ್ ಅವರ ಒತ್ತಾಸೆಯಿಂದ ತಾಪಿ ಅಲ್ಲಿನ ಒಲಿಂಪಿಕ್ ದ ಮಾರ್ಸೇಲ್ ಕ್ಲಬ್ಬನ್ನು ವಹಿಸಿಕೊಂಡ. ಮಾರ್ಸೇಲ್ ಎಂದರೆ ಮೆಡಿಟರೇನಿಯನ್ ದಂಡೆಯ ಹಳೆಯ ಬಂದರು. ಇಟಲಿ, ಆರ್ಮೇನಿಯ, ಅಲ್ಜೀರಿಯ, ಕೊಮೊರೊ ದ್ವೀಪಗಳಿಂದ ಹೊಟ್ಟೆಪಾಡಿಗೆ ಬಂದವರ ಊರು. ಗುಡ್ಡದ ಮೇಲೆ ಕಾವಲು ಮಾತೆಯ ಮಹಾದೇವಾಲಯವಿದೆ. ಯಾವ ಧರ್ಮದವರೇ ಆಗಲಿ, ಊರವರೆಲ್ಲ ಆಕೆಯನ್ನು 'ಒಳ್ಳೆಯ ತಾಯಿ' ಎಂದೇ ಕರೆಯುತ್ತಾರೆ. ಪ್ಯಾರಿಸ್ಸಿನವರ ಕಣ್ಣಿಗೆ ಮಾರ್ಸೇಲ್ ಬಡತನ ಮತ್ತು ಗೂಂಡಾಗಿರಿಯ ಊರು. ಅಂಥ ಊರಿನ ತಂಡ 1989ರಿಂದ 1992ರವರೆಗೆ ಸತತ ನಾಲ್ಕು ವರ್ಷ ಫ್ರಾನ್ಸಿನ ಚಾಂಪಿಯನ್ ಆಯಿತು. 1991ರಲ್ಲಿ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯ ತಲುಪಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡಕ್ಕೆ ಪೆನಾಲ್ಟಿಗಳಲ್ಲಿ ಸೋತಿತು. 1993ರ ಮೇ 26ರಂದು ಮ್ಯೂನಿಕ್‌ನಲ್ಲಿ ಬಲಾಢ್ಯ ಎ.ಸಿ. ಮಿಲಾನ್ ತಂಡವನ್ನು 1-0ರಿಂದ ಸೋಲಿಸಿತು. ಮೂಲೆಯಿಂದ ಚೆಂಡನ್ನು ಒದ್ದವನು ಘಾನಾದ ಅಬೇದಿ ಪೆಲೆ, ತಲೆಯಿಂದ ಗೋಲಿಗೆ ಹೊಡೆದವನು ಐವರಿ ಕೋಸ್ಟ್‌ನಲ್ಲಿ ಹುಟ್ಟಿದ ಬಾಸಿಲ್ ಬೋಲಿ. ವಲಸೆಗಾರರ ಮಕ್ಕಳು ಅಂದು ರಾತ್ರಿ ತಾವೂ ಈ ನೆಲದವರೇ ಎಂದು ಬೀದಿಗಿಳಿದು ಕುಣಿದರು.

ಇದನ್ನು ಸಣ್ಣದೆಂದು ಹೇಳುವ ಮನಸ್ಸು ನನಗಿಲ್ಲ. ಬಡವರ ಸಂತೋಷವನ್ನು ಹಗುರವಾಗಿ ಕಾಣುವುದು ಹೊಟ್ಟೆ ತುಂಬಿದವರ ಚಾಳಿ. ಇನ್ನೊಂದು ಮಾತನ್ನೂ ಹೇಳಬೇಕು. ವಲಸೆಗಾರರ ವಿರುದ್ಧ ಮಾತನಾಡುತ್ತಿದ್ದ ರಾಜಕಾರಣಿ ಝಾನ್-ಮಾರಿ ಲೆ ಪೆನ್ ಅವರನ್ನು 1989ರಲ್ಲಿ ಟಿ.ವಿ. ಚರ್ಚೆಯಲ್ಲಿ ಮುಖಾಮುಖಿ ಎದುರಿಸಿದವನು ಈ ತಾಪಿಯೇ. 1992ರಲ್ಲಿ ಆತ ನಗರ ವ್ಯವಹಾರಗಳ ಸಚಿವನೂ ಆದ.

ಈಗ ನಾಣ್ಯದ ಇನ್ನೊಂದು ಮುಖ. ಮ್ಯೂನಿಕ್ ಪಂದ್ಯಕ್ಕೆ ಆರು ದಿನ ಮೊದಲು, 1993ರ ಮೇ 20ರಂದು, ಮಾರ್ಸೇಲ್ ತಂಡ ಉತ್ತರ ಫ್ರಾನ್ಸಿನ ವಾಲೆನ್ಸಿಯೆನ್ ಎಂಬ ಸಣ್ಣ ಊರಿನ ತಂಡದ ಜೊತೆ ಆಡಬೇಕಿತ್ತು. ದೇಶದ ಪ್ರಶಸ್ತಿ ಕೈತಪ್ಪಬಾರದು, ಮಿಲಾನ್ ಪಂದ್ಯಕ್ಕೆ ಮುನ್ನ ಆಟಗಾರರ ಕಾಲಿಗೆ ಪೆಟ್ಟಾಗಲೂಬಾರದು. ಹೀಗಾಗಿ ಕ್ಲಬ್ಬಿನ ವ್ಯವಸ್ಥಾಪಕ ಝಾನ್-ಪಿಯೆರ್ ಬೆರ್ನೆಸ್ ಮತ್ತು ಆಟಗಾರ ಝಾನ್-ಝಾಕ್ ಎಡೆಲಿಯ ಮೂಲಕ ಎದುರಾಳಿ ತಂಡದ ಮೂವರಿಗೆ ಹಣದ ಆಮಿಷ ಹೋಯಿತು. ಕ್ರಿಸ್ಟೋಫ್ ರೊಬೇರ್ ಹಣ ತೆಗೆದುಕೊಂಡ. 1986ರ ವಿಶ್ವಕಪ್ ಫೈನಲಿನಲ್ಲಿ ಅರ್ಜೆಂಟೀನಾದ ಗೆಲುವಿನ ಗೋಲು ಹೊಡೆದಿದ್ದ ಹೋರ್ಹೆ ಬುರುಚಾಗ ಮೊದಲು ಒಪ್ಪಿ ಆಮೇಲೆ ಹಿಂದೆ ಸರಿದೆನೆಂದು ಹೇಳಿದ. ಮೂರನೆಯವನು ಝಾಕ್ ಗ್ಲಾಸ್‌ಮನ್. ಆತ ಒಪ್ಪಲಿಲ್ಲ. ತನ್ನ ತರಬೇತುದಾರನಿಗೆ ತಿಳಿಸಿದ; ಪಂದ್ಯದ ವಿರಾಮದಲ್ಲಿ ರೆಫರಿಗೂ ವಿಷಯ ಮುಟ್ಟಿತು. ಮಾರ್ಸೇಲ್ 1-0ರಿಂದ ಗೆದ್ದಿತು. ಕೆಲವು ವಾರಗಳ ನಂತರ ರೊಬೇರನ ಬಂಧುಗಳ ಮನೆಯ ತೋಟವನ್ನು ಅಗೆದಾಗ ಪೊಲೀಸರಿಗೆ 2,50,000 ಫ್ರಾಂಕುಗಳ ಲಕೋಟೆ ಸಿಕ್ಕಿತು.

ಪರಿಣಾಮಗಳು ಒಂದರ ಹಿಂದೆ ಒಂದು ಬಂದವು. ಮಾರ್ಸೇಲ್ ತಂಡದ 1993ರ ರಾಷ್ಟ್ರೀಯ ಪ್ರಶಸ್ತಿಯನ್ನು ಕಿತ್ತುಕೊಂಡರು. ಆ ವರ್ಷದ ಪ್ರಶಸ್ತಿ ಇಂದಿಗೂ ಯಾರ ಹೆಸರಿನಲ್ಲೂ ಇಲ್ಲ. ಮರುವರ್ಷ ಯೂರೋಪಿನ ಪಂದ್ಯಾವಳಿಯಿಂದ ಹೊರಗಿಟ್ಟರು. 1994ರಲ್ಲಿ ತಂಡವನ್ನು ಎರಡನೆಯ ದರ್ಜೆಗೆ ಇಳಿಸಿದರು. ಮ್ಯೂನಿಕ್‌ನ ಕಪ್ ಮಾತ್ರ ಉಳಿಯಿತು. ತಾಪಿ ತಾನು ನಿರ್ದೋಷಿ ಎಂದೇ ವಾದಿಸಿದ. ಆತನ ಪರವಾಗಿ ಮಾಜಿ ಸಚಿವರೊಬ್ಬರು ಸುಳ್ಳು ಸಾಕ್ಷಿ ಹೇಳಿ ತಾವೂ ಶಿಕ್ಷೆಗೆ ಗುರಿಯಾದರು. ಆ ಸುಳ್ಳು ಬಯಲಾದಾಗ ತಾಪಿ ನ್ಯಾಯಾಲಯದಲ್ಲಿ ಹೇಳಿದ ಮಾತು ಫ್ರಾನ್ಸಿನಲ್ಲಿ ಗಾದೆಯಂತಾಗಿದೆ: ತಾನು ಸುಳ್ಳು ಹೇಳಿದ್ದು ನಿಜ, ಆದರೆ ಶುದ್ಧ ಮನಸ್ಸಿನಿಂದ ಹೇಳಿದೆ ಎಂದು! 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡು ವರ್ಷಗಳ ಶಿಕ್ಷೆ ವಿಧಿಸಿತು. ಅದರಲ್ಲಿ ಎಂಟು ತಿಂಗಳು ಜೈಲಿನಲ್ಲೇ ಕಳೆಯಬೇಕಿತ್ತು. 1997ರ ಫೆಬ್ರವರಿಯಿಂದ ಜುಲೈವರೆಗೆ ಆತ ಸೆರೆಮನೆಯಲ್ಲಿದ್ದ.

ಹಣದ ವ್ಯವಹಾರ ಇನ್ನೂ ದೀರ್ಘ. 1990ರಲ್ಲಿ ಸಾಲ ಮಾಡಿ ಕೊಂಡ ಅಡಿಡಾಸ್ ಕಂಪನಿಯನ್ನು 1993ರಲ್ಲಿ ಮಾರಿದಾಗ ಬ್ಯಾಂಕು ತನಗೆ ಮೋಸ ಮಾಡಿತೆಂದು ಆತನ ದೂರು. 1994ರಲ್ಲಿ ದಿವಾಳಿಯಾದ. 2008ರಲ್ಲಿ ಪಂಚಾಯ್ತಿದಾರರು ಸರಕಾರದ ಕಡೆಯಿಂದ ಸುಮಾರು 40 ಕೋಟಿ ಯೂರೋ ಕೊಡಿಸಿದರು. 2015ರಲ್ಲಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿ ಹಣ ಹಿಂತಿರುಗಿಸಲು ಆದೇಶಿಸಿತು. ಅದೇ ಪ್ರಕರಣದ ವಂಚನೆಯ ಆರೋಪದಿಂದ 2019ರಲ್ಲಿ ಖುಲಾಸೆಯಾದ. ಮೇಲ್ಮನವಿಯ ತೀರ್ಪಿಗೆ ಇನ್ನು ಮೂರು ದಿನವಿದೆ ಎನ್ನುವಾಗ, 2021ರ ಅಕ್ಟೋಬರ್ 3ರಂದು, ಕ್ಯಾನ್ಸರಿನಿಂದ ತೀರಿಕೊಂಡ. ಸರಿಯೋ ತಪ್ಪೋ ಎಂಬ ಕೊನೆಯ ತೀರ್ಪು ಮನುಷ್ಯರ ನ್ಯಾಯಾಲಯದಿಂದ ಬರಲೇ ಇಲ್ಲ.

ಅಕ್ಟೋಬರ್ 7ರಂದು ಶವಪೆಟ್ಟಿಗೆಯನ್ನು ಮಾರ್ಸೇಲಿನ ಕ್ರೀಡಾಂಗಣಕ್ಕೆ ತಂದರು. ಸಾವಿರಾರು ಜನ ಬಂದರು. ಮರುದಿನ ಬಂದರಿನ ಪಕ್ಕದ ಪ್ರಧಾನಾಲಯದಲ್ಲಿ ಅಂದಿನ ಮಹಾಧರ್ಮಾಧ್ಯಕ್ಷ ಝಾನ್-ಮಾರ್ಕ್ ಅವೆಲೀನ್ ಅವರ ನೇತೃತ್ವದಲ್ಲಿ ಅಂತ್ಯವಿಧಿ ನಡೆಯಿತು. ಪ್ಯಾರಿಸ್ಸಿನಲ್ಲಿ ಹುಟ್ಟಿದವನನ್ನು ಮಾರ್ಸೇಲಿನ ಮಣ್ಣಿನಲ್ಲೇ ಹೂಳಿದರು.

ಅಂದು ಮ್ಯೂನಿಕ್‌ನಲ್ಲಿ ಸೋತ ತಂಡದ ಮಾಲೀಕನ ಕಥೆಯೂ ಹೆಚ್ಚು ಬೇರೆಯಲ್ಲ. ಆತ ಸಿಲ್ವಿಯೋ ಬೆರ್ಲುಸ್ಕೋನಿ. 1986ರಲ್ಲೇ ಮಿಲಾನ್ ಕ್ಲಬ್ಬನ್ನು ಕೊಂಡವನು. ಆತನ ಕಾಲದಲ್ಲಿ ತಂಡ ಐದು ಸಲ ಯೂರೋಪಿನ ಕಿರೀಟ ಧರಿಸಿತು. ದೇಶದ ಪ್ರಧಾನಿಯಾದ, 2013ರಲ್ಲಿ ತೆರಿಗೆ ವಂಚನೆಗಾಗಿ ಶಿಕ್ಷೆ ಖಾಯಂ ಆಯಿತು, 2023ರಲ್ಲಿ ತೀರಿಕೊಂಡಾಗ ಮಿಲಾನಿನ ಪ್ರಧಾನಾಲಯದಲ್ಲಿ ಸರಕಾರಿ ಗೌರವದ ಅಂತ್ಯವಿಧಿ. ಅಂದರೆ ನಮ್ಮ ಪ್ರಶ್ನೆ ಒಬ್ಬ ತಾಪಿಯದ್ದಲ್ಲ. ಊರಿಗೆ ಹಬ್ಬವನ್ನೂ ಕೊಟ್ಟು ಅವಮಾನವನ್ನೂ ತಂದ ದೊಡ್ಡಮನುಷ್ಯರನ್ನು ಹೇಗೆ ನೆನೆಯಬೇಕು ಎಂಬುದು.

ಈಗ ನನ್ನ ತಕ್ಕಡಿಗೆ ಬರೋಣ. ನಮ್ಮ ಹಳೆಯ ಚಿತ್ರಪಟಗಳಲ್ಲಿ ಸಂತ ಮಿಕಾಯೇಲರ ಕೈಯಲ್ಲಿ ತಕ್ಕಡಿ ಇರುವುದನ್ನು ನೀವು ನೋಡಿರಬಹುದು. ಪ್ರತಿಯೊಂದು ಆತ್ಮವೂ ತೀರ್ಪಿಗೆ ಒಳಗಾಗುತ್ತದೆ ಎಂಬುದನ್ನು ಆ ಚಿತ್ರ ಹೇಳುತ್ತದೆ, ಅದು ಸತ್ಯ. ಆದರೆ ನಾವು ಅದನ್ನು ಕಿರಾಣಿ ಅಂಗಡಿಯ ತಕ್ಕಡಿ ಮಾಡಿಕೊಂಡಿದ್ದೇವೆ. ಒಂದು ತಟ್ಟೆಯಲ್ಲಿ ಐದು ಕಪ್ಪು, ಇನ್ನೊಂದರಲ್ಲಿ ಒಂದು ಲಂಚ. ಕಪ್ಪಿನ ತಟ್ಟೆ ಕೆಳಗಿಳಿದರೆ ಮನುಷ್ಯ ಒಳ್ಳೆಯವನು. ಈ ಲೆಕ್ಕದಲ್ಲಿರುವ ದೋಷವೇನು?

ದೋಷ ಇದು: ಒಳಿತನ್ನು ಪಡೆದವರು ಒಬ್ಬರು, ಕೆಡುಕನ್ನು ಅನುಭವಿಸಿದವರು ಇನ್ನೊಬ್ಬರು. ಕುಣಿದದ್ದು ಮಾರ್ಸೇಲ್. ಅತ್ತದ್ದು ವಾಲೆನ್ಸಿಯೆನ್. ಆ ಸಣ್ಣ ಊರಿನ ತಂಡ ಅದೇ ವರ್ಷ ಕೆಳದರ್ಜೆಗೆ ಬಿತ್ತು. ಸತ್ಯ ಹೇಳಿದ ಗ್ಲಾಸ್‌ಮನ್‌ಗೆ ಏನಾಯಿತು ಗೊತ್ತೇ? ಹೋದ ಹೋದ ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರು ಅವನನ್ನು ಕೂಗಿ ಅಣಕಿಸಿದರು. ಕೊನೆಗೆ ಸಾವಿರಾರು ಮೈಲಿ ದೂರದ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಹೋಗಿ ಆಡಬೇಕಾಯಿತು. 1995ರಲ್ಲಿ ಅಂತಾರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಫಿಫಾ ಅವನಿಗೆ ನ್ಯಾಯಯುತ ಆಟದ ಪ್ರಶಸ್ತಿ ಕೊಟ್ಟಿತು, ನಿಜ. ಆದರೆ ಆ ಅಣಕದ ಕೂಗನ್ನು ಯಾವ ಪ್ರಶಸ್ತಿ ಅಳಿಸೀತು? ಮಾರ್ಸೇಲಿಗೆ ಕೊಟ್ಟ ಸಂತೋಷದಿಂದ ಗ್ಲಾಸ್‌ಮನ್‌ನ ಸಾಲ ಒಂದು ಕಾಸೂ ತೀರಲಿಲ್ಲ. ನಾನು ನಿಮ್ಮಿಂದ ಸಾವಿರ ರೂಪಾಯಿ ಕಸಿದುಕೊಂಡು ಪಕ್ಕದ ಮನೆಯವರಿಗೆ ಎರಡು ಸಾವಿರ ದಾನ ಮಾಡಿದರೆ, 'ಫಾದರ್ ಲೆಕ್ಕ ಚುಕ್ತಾ ಮಾಡಿದರು' ಎಂದು ನೀವು ಒಪ್ಪುವಿರಾ? ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂದು ನಗುವಿರಿ.

ಈ ವಿಷಯದಲ್ಲಿ ಶುಭಸಂದೇಶದ ಜಕ್ಕಾಯ ನನಗೆ ದೊಡ್ಡ ಗುರು. ಸಂತ ಲೂಕರು ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಹೇಳುವ ಆ ಘಟನೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಜಕ್ಕಾಯ ಇಟ್ಟ ಲೆಕ್ಕವನ್ನು ಗಮನಿಸಿದ್ದೇವೆಯೇ? ಆತನೂ ಹಣವಂತ, ಊರವರ ಬಾಯಲ್ಲಿ ಪಾಪಿ. ಪ್ರಭು ತನ್ನ ಮನೆಗೆ ಬಂದ ದಿನ ಆತ ಎರಡು ಮಾತು ಕೊಡುತ್ತಾನೆ. ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದು ಮೊದಲನೆಯದು. ಯಾರಿಗೆ ಮೋಸ ಮಾಡಿದ್ದೇನೋ ಅವರಿಗೇ ನಾಲ್ಕರಷ್ಟು ಹಿಂದಿರುಗಿಸುವುದು ಎರಡನೆಯದು. ಎರಡು ಬೇರೆ ಬೇರೆ ಖಾತೆಗಳು! ಬಡವರಿಗೆ ಅರ್ಧ ಆಸ್ತಿ ಕೊಟ್ಟೆನಲ್ಲ, ಇನ್ನು ಮೋಸಹೋದವರು ಸುಮ್ಮನಿರಲಿ ಎಂದು ಆತ ಹೇಳಲಿಲ್ಲ. ದಾನ ಪ್ರೀತಿಯ ಕಾರ್ಯ. ಹಿಂದಿರುಗಿಸುವುದು ನ್ಯಾಯದ ಕಾರ್ಯ. ಪ್ರೀತಿ ನ್ಯಾಯಕ್ಕಿಂತ ದೊಡ್ಡದು ನಿಜ, ಆದರೆ ನ್ಯಾಯದ ಬಾಕಿಯನ್ನು ಅದು ಮನ್ನಾ ಮಾಡುವುದಿಲ್ಲ. ಪಾಪನಿವೇದನೆಯಲ್ಲಿ ಕ್ಷಮೆ ಪಡೆದವನಿಗೂ ಕದ್ದದ್ದನ್ನು ಹಿಂದಿರುಗಿಸುವ, ಕೆಡಿಸಿದ ಹೆಸರನ್ನು ಸರಿಪಡಿಸುವ ಕರ್ತವ್ಯ ಉಳಿದೇ ಇರುತ್ತದೆ ಎಂದು ಧರ್ಮಸಭೆ ಬೋಧಿಸುವುದು ಇದೇ ಕಾರಣಕ್ಕೆ.

'ಜೈಲಿಗೆ ಹೋಗಿ ಬಂದನಲ್ಲ, ಸಾಲ ತೀರಲಿಲ್ಲವೇ?' ಎಂದು ನೀವು ಕೇಳಬಹುದು. ಸರಕಾರದ ಸಾಲ ತೀರಿತು. ಅದನ್ನು ಮತ್ತೆ ಮತ್ತೆ ಎತ್ತಿ ಆಡುವ ಹಕ್ಕು ನಮಗಿಲ್ಲ. ಆದರೆ ತಪ್ಪು ಮಾಡಿದವನಿಗೆ ಸಾಲಗಾರರು ಮೂವರು: ರಾಜ್ಯ, ದೇವರು, ನೋವುಂಡ ನೆರೆಯವನು. ರಾಜ್ಯದ ರಸೀದಿಯನ್ನು ನೆರೆಯವನಿಗೆ ತೋರಿಸಿದರೆ ಆತನ ಬಾಕಿ ಸಂದಂತಾಗುವುದಿಲ್ಲ. ಇಲ್ಲಿ ನೆರೆಯವನಿಗೆ ಸಲ್ಲಬೇಕಿದ್ದದ್ದು ಹಣವೂ ಅಲ್ಲ. 'ಗ್ಲಾಸ್‌ಮನ್ ಹೇಳಿದ್ದು ನಿಜ' ಎಂಬ ಒಂದು ಮಾತು. ವಿಚಾರಣೆಯುದ್ದಕ್ಕೂ ತಾಪಿಯ ಬಾಯಿಂದ ಆ ಮಾತು ಬರಲಿಲ್ಲ. ಕೊನೆಯ ಗಳಿಗೆಯಲ್ಲಿ ಆತನ ಹೃದಯದಲ್ಲಿ ಏನಿತ್ತೆಂಬುದು ದೇವರಿಗೇ ಗೊತ್ತು. ಅದನ್ನು ದೇವರಿಗೇ ಬಿಡೋಣ.

ಇನ್ನೊಂದು ವಾದವಿದೆ. 'ಆತ ಮಾಡಿದ್ದು ತನಗಾಗಿ ಅಲ್ಲ, ಊರಿಗಾಗಿ.' ಗುರುಮಠದಲ್ಲಿ ನಮಗೆ ನೀತಿಶಾಸ್ತ್ರ ಕಲಿಸುವಾಗ ಸಂತ ತೋಮಸ್ ಅಕ್ವಿನಾಸರ ಒಂದು ಪಾಠವನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದರು. ಕಾರ್ಯವೊಂದು ಒಳ್ಳೆಯದಾಗಬೇಕಾದರೆ ಮೂರೂ ಸರಿಯಿರಬೇಕು: ಮಾಡುವ ಕೆಲಸ, ಅದರ ಉದ್ದೇಶ, ಅದರ ಸಂದರ್ಭ. ಕೆಡಲು ಒಂದು ಕೆಟ್ಟರೂ ಸಾಕು. ಕೊಡದ ಬಾಯಿ, ಕಂಠ, ಹೊಟ್ಟೆ ಎಲ್ಲ ಗಟ್ಟಿಯಿದ್ದು ತಳದಲ್ಲಿ ಒಂದು ತೂತಿದ್ದರೆ ನೀರು ನಿಲ್ಲುವುದೇ? 'ಊರಿಗಾಗಿ' ಎಂಬ ಉದ್ದೇಶ ಚೆನ್ನಾಗಿಯೇ ಇರಬಹುದು, ಕೈಯಲ್ಲಿದ್ದ ಕೆಲಸ ಲಂಚ. 'ಶುದ್ಧ ಮನಸ್ಸಿನ ಸುಳ್ಳು' ಎಂಬುದು ತಳತೂತಿನ ಕೊಡಕ್ಕೆ ಬಳಿದ ಬಣ್ಣ. ಇನ್ನೊಂದನ್ನು ಯೋಚಿಸಿ. ಮಾರ್ಸೇಲ್ ಆಗ ದೇಶದ ಅತ್ಯಂತ ಬಲಿಷ್ಠ ತಂಡ; ವಾಲೆನ್ಸಿಯೆನ್ ಕೆಳಗೆ ಬೀಳುತ್ತಿದ್ದ ತಂಡ. ಪ್ರಾಮಾಣಿಕವಾಗಿ ಆಡಿದ್ದರೂ ಗೆಲ್ಲುವ ಸಾಧ್ಯತೆಯೇ ಹೆಚ್ಚಿತ್ತು. ಪಾಪ ಹೆಚ್ಚಾಗಿ ನಮ್ಮನ್ನು ಹಿಡಿಯುವುದು ಬೇರೆ ದಾರಿಯಿಲ್ಲದಾಗ ಅಲ್ಲ. ದಾರಿಯಿದ್ದೂ ದೇವರ ಮೇಲೆ, ಜೊತೆಯವರ ಮೇಲೆ ಭರವಸೆ ಇಡಲಾಗದೆ ಎಲ್ಲವನ್ನೂ ನಾವೇ ಖಾತ್ರಿ ಮಾಡಿಕೊಳ್ಳ ಹೊರಟಾಗ.

ಹಾಗಾದರೆ ಮಾರ್ಸೇಲಿನ ಜನರ ಸಂತೋಷ ಕದ್ದ ಮಾಲೇ? ನನಗೆ ಹಾಗನ್ನಿಸುವುದಿಲ್ಲ. ಮಿಲಾನಿನ ಮೇಲೆ ಬೋಲಿ ಹೊಡೆದ ಗೋಲು ಆತನ ಬೆವರಿನದು. ಅದಕ್ಕಾಗಿ ಯಾರೂ ಶಿಕ್ಷೆಗೊಳಗಾಗಲಿಲ್ಲ, ಆ ಕಪ್ಪನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ. ಆ ರಾತ್ರಿ ತಂದೆಯ ಹೆಗಲೇರಿ ಕುಣಿದ ಮಗು ಯಾವ ಪಾಪವನ್ನೂ ಮಾಡಲಿಲ್ಲ. ಅಪೂರ್ಣ ಮನುಷ್ಯರ ಕೈಯಿಂದಲೂ ದೇವರು ಒಳ್ಳೆಯದನ್ನು ಹಂಚುತ್ತಾನೆ. ಇಲ್ಲದಿದ್ದರೆ ನನ್ನಂಥ ಗುರುವಿನ ಕೈಯಿಂದ ನೀವು ಪರಮಪ್ರಸಾದ ಪಡೆಯುವುದು ಹೇಗೆ? ಆದ್ದರಿಂದ ಕೃತಜ್ಞತೆ ತಪ್ಪಲ್ಲ. ಕೃತಜ್ಞತೆ ಕೆಡುವುದು ಒಂದೇ ಕಡೆ: ಸತ್ಯ ಹೇಳಿದವನ ಬಾಯಿ ಮುಚ್ಚಿಸಲು ಹೊರಟಾಗ. ತಾಪಿಗಾಗಿ ಅತ್ತವರನ್ನು ನಾನು ದೂರುವುದಿಲ್ಲ. ಗ್ಲಾಸ್‌ಮನ್‌ನನ್ನು ಅಣಕಿಸಿದವರ ಬಗ್ಗೆ ಮಾತ್ರ ನನಗೆ ಭಯವಾಗುತ್ತದೆ. ಏಕೆಂದರೆ ಅವರಲ್ಲಿ ಯಾರೂ ಲಂಚ ಕೊಟ್ಟವರಲ್ಲ, ತೆಗೆದುಕೊಂಡವರೂ ಅಲ್ಲ. ಹಬ್ಬ ಕೆಡಿಸಿದನೆಂಬ ಸಿಟ್ಟು ಅಷ್ಟೆ. ಆ ಸಿಟ್ಟಿನಲ್ಲಿ ಅವರು ಇನ್ನೊಬ್ಬನ ತಪ್ಪಿಗೆ ತಾವಾಗಿ ಪಾಲುದಾರರಾದರು.

ಪ್ರಧಾನಾಲಯದ ಪೂಜೆಯ ಪ್ರಶ್ನೆ ಉಳಿಯಿತು. ಅಂತ್ಯವಿಧಿ ಸನ್ಮಾನ ಸಮಾರಂಭವಲ್ಲ. ಸತ್ತವನು ಒಳ್ಳೆಯವನಾಗಿದ್ದ ಎಂದು ಧರ್ಮಸಭೆ ಅಲ್ಲಿ ಪ್ರಮಾಣಪತ್ರ ಕೊಡುವುದಿಲ್ಲ. ಈತನಿಗೆ ಕರುಣೆ ಬೇಕಾಗಿದೆ ಎಂದು ದೇವರಲ್ಲಿ ಬೇಡುತ್ತದೆ. ಕಪ್ ಗೆದ್ದವನಿಗೂ, ಗುಡಿಸಲಿನಲ್ಲಿ ಸತ್ತ ಮುದುಕಿಗೂ ಅದೇ ಪವಿತ್ರ ಜಲ, ಅದೇ ಪ್ರಾರ್ಥನೆ. ಬಾಗಿಲು ತೆರೆದದ್ದು ಸರಿ. ಗೋಧಿಯ ನಡುವಿನ ಕಳೆಯನ್ನು ಸುಗ್ಗಿಗೆ ಮುನ್ನ ಕೀಳಬೇಡಿ ಎಂದು ಸ್ವಾಮಿ ಹೇಳಿದ್ದಾರೆ. ಆದರೆ ಕಳೆಯನ್ನು ಗೋಧಿಯೆಂದು ಕರೆಯಿರಿ ಎಂದು ಅವರು ಎಲ್ಲಿಯೂ ಹೇಳಿಲ್ಲ.

ಪ್ರಿಯ ಓದುಗರೇ, ಇದು ದೂರದ ದೇಶದ ದೊಡ್ಡವರ ಕಥೆಯೆಂದು ಪತ್ರಿಕೆ ಮಡಚಿಡಬೇಡಿ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ಕೈಬಿಚ್ಚಿ ಖರ್ಚು ಮಾಡುವ ಯಜಮಾನನೊಬ್ಬ ನಿಮ್ಮ ಮನೆಯಲ್ಲೂ ಇರಬಹುದು. ಹಬ್ಬಕ್ಕೆ ಎಲ್ಲರಿಗೂ ಬಟ್ಟೆ, ದೇವಾಲಯಕ್ಕೆ ಕಾಣಿಕೆ, ಬಂದವರಿಗೆಲ್ಲ ಊಟ. ಆದರೆ ಆಳಿನ ಕೂಲಿ ಮೂರು ತಿಂಗಳು ಬಾಕಿ. ತಮ್ಮನ ಪಾಲಿನ ಜಮೀನು ಪತ್ರ ಪೆಟ್ಟಿಗೆಯೊಳಗೆ. ದೇವಾಲಯಕ್ಕೆ ಕೊಟ್ಟ ಗಂಟೆ ಎಷ್ಟು ಜೋರಾಗಿ ಬಾರಿಸಿದರೂ ಆ ಕೂಲಿಯ ಬಾಕಿ ತೀರುವುದಿಲ್ಲ. ನಾನು ಗುರುವಾಗಿ ಹೇಳುತ್ತೇನೆ: ಮೊದಲು ಆಳಿಗೆ ಕೊಡಿ, ತಮ್ಮನಿಗೆ ಕೊಡಿ, ಗಂಟೆ ಕಾಯಲಿ.

ಇನ್ನು ಅಂಥ ತಂದೆಯ ಮಕ್ಕಳು. ಅಪ್ಪ ನಮ್ಮನ್ನು ಓದಿಸಿದರು, ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದರು. ಅದೇ ಅಪ್ಪ ಇನ್ನೊಬ್ಬರಿಗೆ ಅನ್ಯಾಯ ಮಾಡಿದ್ದರೆಂದು ಅವರ ಮರಣದ ನಂತರ ತಿಳಿಯುತ್ತದೆ. ಆಗ ಏನು ಮಾಡಬೇಕು? ತಂದೆತಾಯಿಯನ್ನು ಗೌರವಿಸು ಎಂಬ ಕಟ್ಟಳೆ ಅವರ ಸುಳ್ಳನ್ನು ಸತ್ಯವೆನ್ನು ಎಂದು ಹೇಳುವುದಿಲ್ಲ. ಪ್ರೀತಿಯನ್ನು ಕಿತ್ತೆಸೆಯಬೇಡಿ, ಅದು ನಿಜವಾದದ್ದು. ಅಪ್ಪನಿಗಾಗಿ ಪೂಜೆ ಹೇಳಿಸಿ. ಜೊತೆಗೆ, ಇನ್ನೊಬ್ಬರದು ಎಂದು ಖಚಿತವಾಗಿ ಗೊತ್ತಿರುವುದು ನಿಮ್ಮ ಕೈಯಲ್ಲಿದ್ದರೆ ಅದನ್ನು ಹಿಂದಿರುಗಿಸಿ. ಕೊಡಲು ಏನೂ ಉಳಿದಿಲ್ಲವಾದರೆ ನೋವುಂಡವರ ಮನೆಗೆ ಹೋಗಿ 'ನೀವು ಹೇಳಿದ್ದು ನಿಜ' ಎಂದಾದರೂ ಹೇಳಿ. ಸತ್ತ ತಂದೆಗೆ ಮಕ್ಕಳು ಮಾಡಬಹುದಾದ ಇದಕ್ಕಿಂತ ದೊಡ್ಡ ಸೇವೆ ನನಗೆ ಕಾಣದು. ಅವರು ತೀರಿಸದೆ ಹೋದದ್ದನ್ನು ನೀವು ತೀರಿಸಿದಂತಾಗುತ್ತದೆ.

ಕೊನೆಯದಾಗಿ, ನಿಮ್ಮ ಮನೆಯ ಗ್ಲಾಸ್‌ಮನ್ ಯಾರೆಂದು ನೋಡಿಕೊಳ್ಳಿ. ಎಲ್ಲರೂ ನಗುತ್ತಿರುವಾಗ 'ಇದು ಸರಿಯಲ್ಲ' ಎಂದ ಮಗಳಿರಬಹುದು. ಮನೆತನದ ಮರ್ಯಾದೆ ತೆಗೆದಳೆಂದು ಎಲ್ಲರೂ ಮಾತು ಬಿಟ್ಟ ಸೊಸೆಯಿರಬಹುದು. ಕ್ರಿಸ್ಮಸ್ ಊಟಕ್ಕೆ ಕರೆಯದೆ ಬಿಟ್ಟ ಅಣ್ಣನಿರಬಹುದು. ಹಬ್ಬ ಕೆಡಿಸಿದವರು ಅವರಲ್ಲ. ಹಬ್ಬ ಮೊದಲೇ ಕೆಟ್ಟಿತ್ತು. ಅವರು ಹೇಳಿದರು ಅಷ್ಟೆ. ಈ ವಾರ ಅವರ ಮನೆಯ ಬಾಗಿಲು ತಟ್ಟಿ ಬನ್ನಿ.

ಆ ಹುಡುಗರನ್ನು ಮುಂದಿನ ಭಾನುವಾರವೇ ಕರೆದು ಕೂರಿಸಿಕೊಂಡೆ. "ನಾನು ಅಂದು ಹೇಳಿದ್ದು ತಪ್ಪು. ತಕ್ಕಡಿಯಲ್ಲ, ಎರಡು ಖಾತೆ" ಎಂದು ಜಕ್ಕಾಯನ ಕಥೆ ಹೇಳಿದೆ. ಪ್ರಶ್ನೆ ಕೇಳಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತಾಪಿಯ ಆತ್ಮಕ್ಕಾಗಿ ಪ್ರಾರ್ಥಿಸಬಹುದು, ಆದರೆ ಚಪ್ಪಾಳೆ ಗ್ಲಾಸ್‌ಮನ್‌ಗೆ, ಅಲ್ವಾ ಫಾದರ್?" ಎಂದ. ನಾಲ್ಕು ವರ್ಷ ದೇವಶಾಸ್ತ್ರ ಓದಿದ ನನಗೆ ಇಷ್ಟು ಚುಟುಕಾಗಿ ಹೇಳಲು ಬಂದಿರಲಿಲ್ಲ.

ನಾವು ಕೊಟ್ಟದ್ದನ್ನು ಎಣಿಸುವ ಮೊದಲು ಕೊಡಬೇಕಾದ್ದನ್ನು ನೆನಪಿಸಿಕೊಳ್ಳುವ ಮನಸ್ಸನ್ನು ಪ್ರಭು ನಮ್ಮೆಲ್ಲರಿಗೂ ಕರುಣಿಸಲಿ.